ನೊವಾಕ್‌ಗಳೆಲ್ಲ ಒಬ್ಬರಿಗೊಬ್ಬರು ಏನಾಗಬೇಕು?

ಜೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಕೆಲಸ ಮಾಡುವ ನನ್ನನ್ನು ಊರಿನ ಟೆನಿಸ್ ಹುಚ್ಚರು ತಪ್ಪದೆ ಕೇಳುವ ಪ್ರಶ್ನೆ ಇದು: 'ನಿಮ್ಮ ಆಫೀಸಲ್ಲೂ ನೊವಾಕ್, ಮನೆ ಓನರೂ ನೊವಾಕ್, ಹಂಗೇರಿಗೆ ಅಧ್ಯಕ್ಷೆಯಾಗಿದ್ದವರೂ ನೊವಾಕ್. ಇವರೆಲ್ಲ ಸರ್ಬಿಯಾದ ಆಟಗಾರ ನೊವಾಕ್ ಜೊಕೊವಿಚ್‌ಗೆ ಏನಾಗಬೇಕು?'

ಏನೂ ಆಗಬೇಕಿಲ್ಲ. ಜೊಕೊವಿಚ್‌ಗೆ ನೊವಾಕ್ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರು, ಮನೆತನದ್ದಲ್ಲ. ಜಾರ್ಜ್ ಎಂಬ ಹೆಸರು ಸರ್ಬಿಯನ್ನರ ಬಾಯಲ್ಲಿ ಜೋರ್ಜೆ, ಮುದ್ದಿಗೆ ಜೋಕೊ. ಯಾವನೋ ಒಬ್ಬ ಜೋಕೊನ ಸಂತತಿ ಜೊಕೊವಿಚ್. ನೊವಾಕ್ ಎಂದು ಮಕ್ಕಳಿಗೆ ಹೆಸರಿಡುವುದು ಸರ್ಬಿಯನ್ನರಲ್ಲಿ ಹಳೇ ರೂಢಿ. ತುರ್ಕರ ವಿರುದ್ಧ ಹೋರಾಡಿ 1601ರಲ್ಲಿ ಈಗಿನ ರೊಮೇನಿಯಾದ ಕ್ಲೂಜ್ ಪಟ್ಟಣದಲ್ಲಿ ಮರಣದಂಡನೆಗೆ ಗುರಿಯಾದ ಸರ್ಬಿಯನ್ ಸೇನಾನಿ ಬಾಬಾ ನೊವಾಕ್‌ನ ಹೆಸರಿನ ಬೀದಿ ಬುಕಾರೆಸ್ಟ್‌ನಲ್ಲಿ ಈಗಲೂ ಇದೆ. (ಕನ್ನಡದಲ್ಲಿ ಈ ಹೆಸರಿನೊಳಗೇ ನೋವು ಕೂತಿದೆ ಎಂದು ನಗುವವರಿದ್ದಾರೆ. ಅವರಿಗೆ ನನ್ನಲ್ಲಿ ಉತ್ತರವಿಲ್ಲ.)

ಮನೆತನದ ಹೆಸರಾಗಿ ನೊವಾಕ್‌ನ ಕಥೆಯೇ ಬೇರೆ. ಜೆಕ್, ಪೋಲಿಷ್, ಸರ್ಬಿಯನ್ ಮುಂತಾದ ಸ್ಲಾವಿಕ್ ಭಾಷೆಗಳ 'ನೊವ್' ಮತ್ತು ಸಂಸ್ಕೃತದ 'ನವ' ಒಂದೇ ಬೇರಿನವು. ನೊವಾಕ್ ಎಂದರೆ ಹೊಸಬ. ಇದು ತಾನಾಗಿ ಇಟ್ಟುಕೊಳ್ಳುವ ಹೆಸರಲ್ಲ, ಊರವರು ಅಂಟಿಸುವಂಥದ್ದು. ಮೂವತ್ತು ವರ್ಷಗಳ ಯುದ್ಧ (1618–1648) ಮುಗಿಯುವ ಹೊತ್ತಿಗೆ ಬೊಹೀಮಿಯಾದ (ಈಗಿನ ಜೆಕ್ ದೇಶದ ಪಶ್ಚಿಮ ಭಾಗ) ಎಷ್ಟೋ ಹಳ್ಳಿಗಳಲ್ಲಿ ಹೊಲಮನೆ ಪಾಳುಬಿದ್ದಿದ್ದವು. ಎಲ್ಲಿಂದಲೋ ಬಂದವನೊಬ್ಬ ಅಲ್ಲಿ ಉಳುಮೆ ಹಿಡಿದರೆ ಅವನು 'ಆ ಹೊಸಬ'. ಯುದ್ಧಕ್ಕೂ ಮುಂಚೆ ಇಂಥ ಹೊಸಬರು ಇದ್ದೇ ಇದ್ದರು. 1780ರ ದಶಕದಲ್ಲಿ ಆಗ ಇಲ್ಲಿ ಆಳುತ್ತಿದ್ದ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ಮನೆತನದ ಹೆಸರು ಬದಲಾಗಕೂಡದು ಎಂದು ಕಟ್ಟುನಿಟ್ಟು ಮಾಡಿದಾಗ, ತಲೆಮಾರುಗಳಿಂದ ಅದೇ ಊರಲ್ಲಿದ್ದವರೂ ಹೊಸಬರಾಗಿಯೇ ಕಾಗದದಲ್ಲಿ ಉಳಿದುಬಿಟ್ಟರು.

ಅಂದರೆ ಊರೂರಿಗೂ ಅದರದೇ ನೊವಾಕ್. ನಮ್ಮ ಉತ್ತರ ಕರ್ನಾಟಕದ ಹೊಸಮನಿಯವರೆಲ್ಲ ಒಂದೇ ಮನೆಯಿಂದ ಬಂದವರಲ್ಲವಲ್ಲ, ಹಾಗೆ. ಆದ್ದರಿಂದ 'ನೊವಾಕ್ ವಂಶದ ಲಾಂಛನ' ಎಂದು ಚೌಕಟ್ಟು ಹಾಕಿ ಮಾರುವ ಅಂಗಡಿಗಳನ್ನು ಕಂಡರೆ ನನಗೆ ನಗು ಬರುತ್ತದೆ. ಯಾವ ವಂಶ?

ಜೆಕ್ ದೇಶ, ಪೋಲೆಂಡ್, ಸ್ಲೊವೇನಿಯಾ ಮೂರರಲ್ಲೂ ಅತಿ ಸಾಮಾನ್ಯವಾದ ಮನೆತನದ ಹೆಸರು ಇದೇ. ಪೋಲೆಂಡ್ ಒಂದರಲ್ಲೇ ಸುಮಾರು 2 ಲಕ್ಷ ಜನ. ಇಲ್ಲಿ ಜೆಕ್ ದೇಶದಲ್ಲಿ ಫಾರಂ ತುಂಬುವುದು ಹೇಗೆಂದು ತೋರಿಸುವ ಮಾದರಿಯಲ್ಲಿ ಯಾನ್ ನೊವಾಕ್ ಎಂದಿರುತ್ತದೆ. ಸ್ಲೊವೇನಿಯಾದಲ್ಲಿ ಅವನೇ ಯಾನೆಜ್ ನೊವಾಕ್. ಜರ್ಮನಿಯ ಲುಸಾಟಿಯಾದಲ್ಲಿ ಸೊರ್ಬಿಯನ್ ಎಂಬ ಸಣ್ಣ ಸ್ಲಾವಿಕ್ ಭಾಷೆಯವರ ನೊವಾಕ್, ಜರ್ಮನ್ ಬಾಯಿಗೆ ಸಿಕ್ಕಿ ನಡುವಿನ 'ವ' ಕಳಕೊಂಡು ನೋವಾಕ್ ಹೋಗಿ 'ನೋಆಕ್' ಆಯಿತು. ಅಮೆರಿಕಕ್ಕೆ ಹೋದವರ ಪೈಕಿ ಶಿಕಾಗೋದ ಜೆಕ್ ಮೂಲದ ಮನೆಯಲ್ಲಿ 1933ರಲ್ಲಿ ಹುಟ್ಟಿದ ನಟಿ ಕಿಮ್ ನೊವಾಕ್ ಗೊತ್ತಿರಬಹುದು. ಸ್ಟುಡಿಯೋದವರು ಹೆಸರು ಬದಲಿಸು ಎಂದಾಗ ಮ್ಯಾರಿಲಿನ್ ಎಂಬ ಮೊದಲ ಹೆಸರನ್ನು ಬಿಟ್ಟುಕೊಟ್ಟರು, ನೊವಾಕ್ ಬಿಡಲಿಲ್ಲ.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಾಣುವುದು ಸ್ಲೊವೇನಿಯಾದ ಎರಡನೇ ಸಾಮಾನ್ಯ ಹೆಸರು, ಹೊರ್ವಾತ್. ಕ್ರೊಯೇಷಿಯಾದವನು ಎಂದರ್ಥ. ವಿಚಿತ್ರವೆಂದರೆ ಖುದ್ದು ಕ್ರೊಯೇಷಿಯಾದಲ್ಲೂ ಅದೇ ಮೊದಲ ಸ್ಥಾನದಲ್ಲಿದೆ. ತುರ್ಕರ ದಾಳಿಗೆ ಬೆದರಿ ದಕ್ಷಿಣದಿಂದ ಉತ್ತರಕ್ಕೆ ಓಡಿಬಂದವರನ್ನು ಅಲ್ಲಿನವರು ಹಾಗೆ ಕರೆದರು. ಅಲ್ಲಿಂದ ಹಂಗೇರಿಗೆ ದಾಟಿದರೆ ಹೊರ್ವಾಟ್. ಹೊರ್ವಾತ್ ಎಲ್ಲಿಂದ ಬಂದ ಎಂದಾದರೂ ಆ ಹೆಸರು ಹೇಳುತ್ತದೆ. ನೊವಾಕ್ ಅದನ್ನೂ ಹೇಳುವುದಿಲ್ಲ.

ಜೊತೆಗೆ ಬರುವ ಉಪಪ್ರಶ್ನೆ: ಓನರ್ ನೊವಾಕ್, ಅವರ ಹೆಂಡತಿ ಮಾತ್ರ ನೊವಾಕೋವಾ ಯಾಕೆ? ಜೆಕ್‌ನಲ್ಲಿ ಹೆಂಗಸರ ಮನೆತನದ ಹೆಸರಿಗೆ 'ಓವಾ' ಸೇರುತ್ತದೆ. ನಮ್ಮ ಕಟ್ಟಡದ ಕರೆಗಂಟೆಯ ಫಲಕದಲ್ಲಿ ಅವರ ಗುಂಡಿಯ ಪಕ್ಕ ಈ ಎರಡೂ ಇಲ್ಲ, 'ನೊವಾಕೋವಿ' ಎಂದಿದೆ, ಅಂದರೆ ನೊವಾಕ್ ಮನೆಯವರು. 2022ರ ಜನವರಿ 1ರಿಂದ 'ಓವಾ' ಬೇಡವೆನ್ನುವ ಜೆಕ್ ಹೆಂಗಸರು ಕಾರಣ ಹೇಳದೆಯೇ ಬಿಡಬಹುದು. ಪೋಲೆಂಡಿನಲ್ಲಿ ಹಿಂದೆ ನೊವಾಕನ ಹೆಂಡತಿ ನೊವಾಕೊವಾ, ಮಗಳು ನೊವಾಕುವ್ನಾ ಆಗುತ್ತಿದ್ದರು. ಈಗ ಅಲ್ಲಿ ದಾಖಲೆಗಳಲ್ಲಿ ಗಂಡಸಿಗೂ ಹೆಂಗಸಿಗೂ ನೊವಾಕ್ ಒಂದೇ.