ರಾತ್ರಿ ಹೊತ್ತು ಆಫೀಸಿನ ಐಪಿ ಫೋನ್‌ಗಳಿಗೆ ಕರೆಂಟ್ ಯಾಕೆ?

ಕೊನೆಗೆ ಹೊರಡುವವರು ಲೈಟು, ಫ್ಯಾನು, ಎಸಿ ಎಲ್ಲ ಆರಿಸಿ ಹೋಗುತ್ತಾರೆ. ಮೇಜಿನ ಮೇಲಿನ ಫೋನ್ ಮಾತ್ರ ಹಾಗೇ ಉಳಿಯುತ್ತದೆ. ನೆಟ್‌ವರ್ಕ್ ಮೂಲಕ ಮಾತು ಸಾಗಿಸುವ ಈ ಐಪಿ ಫೋನಿಗೆ ಕರೆಂಟ್ ಬರುವುದು ನೆಟ್‌ವರ್ಕ್ ಕೇಬಲ್ಲಿನಲ್ಲೇ, ಅಂದರೆ ಸ್ವಿಚ್ ರೂಮಿನ ಪಿಓಇ ಸ್ವಿಚ್‌ನಿಂದ (ನೆಟ್‌ವರ್ಕ್ ಕೇಬಲ್ಲುಗಳನ್ನು ಜೋಡಿಸುವ, ಡೇಟಾ ಜೊತೆ ಅದೇ ತಂತಿಯಲ್ಲಿ ಕರೆಂಟನ್ನೂ ಕಳಿಸುವ ಪೆಟ್ಟಿಗೆ). ಗೋಡೆಯ ಮೇಲೆ ಅದಕ್ಕೊಂದು ಗುಂಡಿ ಇಲ್ಲ, ಹಾಗಾಗಿ ಅದನ್ನು ಆರಿಸುವುದು ಯಾರ ಕೆಲಸವೂ ಅಲ್ಲ. ವಾರಕ್ಕೆ 168 ಗಂಟೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 7ರಿಂದ ರಾತ್ರಿ 8ರ ತನಕ ಫೋನ್ ಬೇಕು ಎಂದುಕೊಂಡರೂ 65 ಗಂಟೆಯಾಯಿತು. ಉಳಿದ 103 ಗಂಟೆ ಅದು ಯಾರಿಗೂ ಬೇಡದ ಫೋನ್.

ಒಂದು ಲೆಕ್ಕ ಹಾಕೋಣ. ಒಂದೊಂದು ಫೋನ್ ಸುಮ್ಮನೆ ಕೂತಾಗ 3.5 ವ್ಯಾಟ್ ಎಳೆಯುತ್ತದೆ, ಅಂಥವು 150 ಇವೆ ಎಂದಿಟ್ಟುಕೊಳ್ಳಿ: 525 ವ್ಯಾಟ್. ಸ್ವಿಚ್ಚಿನ ಪವರ್ ಸಪ್ಲೈ 85% ದಕ್ಷತೆಯದ್ದಾದರೆ ಅದಕ್ಕೆ ಬೇಕಾಗುವುದು 618 ವ್ಯಾಟ್. ಸ್ವಿಚ್ ಯುಪಿಎಸ್ ಮೇಲಿದ್ದು ಅಲ್ಲೊಂದು 10% ಹೋದರೆ ಮೀಟರಿನಲ್ಲಿ ಸುಮಾರು 686 ವ್ಯಾಟ್. ವಾರಕ್ಕೆ 103 ಗಂಟೆಯಂತೆ ವರ್ಷಕ್ಕೆ 3,670 ಯೂನಿಟ್ ಆಸುಪಾಸು. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಯೂನಿಟ್‌ಗೆ 8 ರೂಪಾಯಿ ಎಂದರೂ 29,000 ದಾಟುತ್ತದೆ. ಇದರ ಮೇಲೆ, ಪವರ್ ಸಪ್ಲೈನಲ್ಲಿ ಶಾಖವಾಗಿ ಹೋಗುವ ಪಾಲನ್ನು ಹೊರಹಾಕಲು ಸ್ವಿಚ್ ರೂಮಿನ ಎಸಿ ರಾತ್ರಿಯಿಡೀ ಓಡಬೇಕು. ರಾತ್ರಿ ಕರೆಂಟ್ ಹೋದಾಗ ಇದೇ ಫೋನ್‌ಗಳು ಯುಪಿಎಸ್ ಬ್ಯಾಟರಿಯನ್ನೂ ತಿನ್ನುತ್ತವೆ, ಸರ್ವರ್‌ಗೆ ಸಿಗಬೇಕಾದ ನಿಮಿಷಗಳು ಕಡಿಮೆಯಾಗುತ್ತವೆ. ನನ್ನ ಮಟ್ಟಿಗೆ ಬಿಲ್ಲಿಗಿಂತ ಇದೇ ದೊಡ್ಡ ಕಾರಣ.

ಆದರೆ 3.5 ಎಂಬ ಅಂಕಿಯನ್ನು ನನ್ನಿಂದ ತೆಗೆದುಕೊಳ್ಳಬೇಡಿ, ನಿಮ್ಮ ಸ್ವಿಚ್‌ನಲ್ಲೇ ಅಳೆಯಿರಿ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಪಿಓಇಯ ಮಾನದಂಡವಾದ 802.3ಎಎಫ್ ಪ್ರಕಾರ ಕ್ಲಾಸ್ 1 ಎಂದರೆ 4 ವ್ಯಾಟ್, ಕ್ಲಾಸ್ 2 ಎಂದರೆ 7, ಕ್ಲಾಸ್ 3 ಎಂದರೆ 15.4. ಇದು ಸ್ವಿಚ್ ಆ ಪೋರ್ಟಿಗೆಂದು ಎತ್ತಿಡುವ ಮಿತಿಯೇ ಹೊರತು ಫೋನ್ ಸುಡುವ ವಿದ್ಯುತ್ ಅಲ್ಲ. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ‘ಶೋ ಪವರ್ ಇನ್‌ಲೈನ್’ ಎಂದು ಕೊಟ್ಟರೆ ಬರುವುದು ಹೀಗೆ ಎತ್ತಿಟ್ಟ ಅಂಕಿ. ಅದರ ಕೊನೆಗೆ ‘ಪೊಲೀಸ್’ ಸೇರಿಸಿ ಕೊಟ್ಟರೆ ಕಾಣುವ ‘ಆಪರ್ ಪವರ್’ ಕಾಲಮ್ಮಿನಲ್ಲಿ ನಿಜವಾಗಿ ಹರಿಯುತ್ತಿರುವುದು ಸಿಗುತ್ತದೆ. ಎತ್ತಿಟ್ಟದ್ದನ್ನೇ ಕೂಡಿಸಿ ಮ್ಯಾನೇಜ್‌ಮೆಂಟ್‌ಗೆ ಉಳಿತಾಯದ ಲೆಕ್ಕ ಕೊಟ್ಟರೆ ಮೂರು ತಿಂಗಳಾದ ಮೇಲೆ ಬಿಲ್ ನಿಮ್ಮನ್ನು ಸುಳ್ಳಾಗಿಸುತ್ತದೆ.

ಮೊದಲ ಹೆಜ್ಜೆ ಪರದೆ ಆರಿಸುವುದು. ಇದರಲ್ಲಿ ಅಪಾಯ ಏನೂ ಇಲ್ಲ, ಇವತ್ತೇ ಮಾಡಬಹುದು. ಯೀಲಿಂಕ್ ಕಂಪನಿಯ ಫೋನ್‌ನಲ್ಲಿ ‘ಪವರ್ ಸೇವಿಂಗ್’ ಪುಟದಲ್ಲಿ ದಿನವಾರು ಆಫೀಸ್ ವೇಳೆ ಹಾಕಬೇಕು. ಶನಿವಾರ, ಭಾನುವಾರಕ್ಕೆ ಶುರು ಮತ್ತು ಕೊನೆ ಎರಡಕ್ಕೂ ಒಂದೇ ಗಂಟೆ ಕೊಟ್ಟರೆ ದಿನವಿಡೀ ರಜೆ ಎಂದು ಅದು ತಿಳಿಯುತ್ತದೆ. ಪಾಲಿಕಾಮ್‌ನಲ್ಲಿ ಶುರುವಾಗುವ ಗಂಟೆ ಮತ್ತು ಎಷ್ಟು ಗಂಟೆ ಎಂಬುದನ್ನು ಕೊಡಬೇಕು, ರಜಾದಿನಕ್ಕೆ ಅವಧಿ ಸೊನ್ನೆ. ಸಿಸ್ಕೋ ಫೋನ್‌ಗಳನ್ನು ನಿಯಂತ್ರಿಸುವ ಕಾಲ್ ಮ್ಯಾನೇಜರ್ ಸಾಫ್ಟ್‌ವೇರಿನಲ್ಲಿ ಪರದೆ ಹೊತ್ತುವ ವೇಳೆ, ಅವಧಿ, ಆರಿರಬೇಕಾದ ದಿನಗಳು ಎಲ್ಲ ಒಂದೇ ಕಡೆ ಇವೆ. ಸಾಮಾನ್ಯ ಪ್ರೊಫೈಲಿನಲ್ಲಿ ಬದಲಾಯಿಸಿದರೆ ಪಕ್ಕದ ‘ಓವರ್‌ರೈಡ್ ಕಾಮನ್ ಸೆಟ್ಟಿಂಗ್ಸ್’ ಚೌಕಕ್ಕೆ ಟಿಕ್ ಹಾಕಲು ಮರೆಯಬೇಡಿ. ಟಿಕ್ ಇಲ್ಲದಿದ್ದರೆ ಸೇವ್ ಆಗಿಯೂ ಫೋನಿಗೆ ತಲುಪದೆ ಇರಬಹುದು. ಪರದೆ ಆರಿದ್ದರೂ ಫೋನ್ ರಿಂಗ್ ಆಗುತ್ತದೆ, ಹೊರಗೆ ಕರೆಯೂ ಮಾಡಬಹುದು.

ಆದರೆ ಇಷ್ಟಕ್ಕೇ ನಿಂತರೆ ಉಳಿಯುವುದು ಸ್ವಲ್ಪವೇ. ಫೋನಿನೊಳಗಿನ ಪ್ರೊಸೆಸರ್, ಎರಡು ಗಿಗಾಬಿಟ್ ಪೋರ್ಟು, ಆಡಿಯೋ ಚಿಪ್ ಎಲ್ಲ ಎಚ್ಚರವಾಗಿಯೇ ಇರುತ್ತವೆ. ದೊಡ್ಡ ಉಳಿತಾಯ ಬೇಕೆಂದರೆ ಪೋರ್ಟಿನ ಪಿಓಇಯನ್ನೇ ಕತ್ತರಿಸಬೇಕು. ಕತ್ತರಿಸುವುದು ಒಂದು ಸಾಲಿನ ಕೆಲಸ. ಯಾವುದನ್ನು ಕತ್ತರಿಸಬಾರದು ಎಂದು ಗೊತ್ತುಮಾಡುವುದಕ್ಕೆ ಒಂದು ವಾರ ಬೇಕು.

ಅದೇ ಸ್ವಿಚ್ಚಿನಲ್ಲಿ ಸಿಸಿಟಿವಿ ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್, ಬಾಗಿಲಿನ ಕಾರ್ಡ್ ರೀಡರ್ ಇರುತ್ತವೆ. ಹಾಗಾಗಿ ‘ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಆಫ್’ ಎಂಬ ಪಟ್ಟಿ ಬೇಡ. ‘ಇಷ್ಟೇ ಆಫ್’ ಎಂಬ ಪಟ್ಟಿ ಮಾಡಿ. ನಾಳೆ ಯಾರೋ ಹೊಸ ಕ್ಯಾಮೆರಾ ಸಿಕ್ಕಿಸಿದರೆ ಮೊದಲ ಬಗೆಯ ಪಟ್ಟಿ ಅದನ್ನೂ ಕೊಲ್ಲುತ್ತದೆ, ಎರಡನೆಯದು ಮುಟ್ಟುವುದಿಲ್ಲ. ಕತ್ತರಿಸುವ ಮುನ್ನ ಎಲ್‌ಎಲ್‌ಡಿಪಿಯಲ್ಲಿ (ಸಾಧನಗಳು ಸ್ವಿಚ್ಚಿಗೆ ತಮ್ಮ ಪರಿಚಯ ಹೇಳಿಕೊಳ್ಳುವ ಪದ್ಧತಿ) ಆ ಪೋರ್ಟಿನ ಸಾಧನ ತನ್ನನ್ನು ‘ಟೆಲಿಫೋನ್’ ಎಂದು ಹೇಳಿಕೊಳ್ಳುತ್ತಿದೆಯೇ ಎಂದು ನೋಡುವಂತೆ ಸ್ಕ್ರಿಪ್ಟ್ ಬರೆದರೆ ಇನ್ನೂ ಒಳ್ಳೆಯದು.

ಫೋನ್‌ಗಳಲ್ಲೂ ಕೆಲವನ್ನು ಎಂದೂ ಆರಿಸಬಾರದು: ಸೆಕ್ಯೂರಿಟಿ ಡೆಸ್ಕ್, ರಿಸೆಪ್ಷನ್, ಲಿಫ್ಟ್ ಪಕ್ಕದ ಫೋನ್, ಜನರೇಟರ್ ರೂಮ್, ಸರ್ವರ್ ರೂಮ್, ಪ್ರತಿ ಮಹಡಿಯಲ್ಲೂ ಕನಿಷ್ಠ ಒಂದು. ರಾತ್ರಿ ಬೆಂಕಿ ಹೊತ್ತಿದಾಗ 112ಕ್ಕೆ ಕರೆ ಮಾಡಲು ಕೈಗೆತ್ತಿಕೊಂಡ ರಿಸೀವರ್ ಸತ್ತಿರಬಾರದು. ಬೇಸ್‌ಮೆಂಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಟ್ಟಡಗಳು ಬೇಕಾದಷ್ಟಿವೆ. ಈ ಫೋನ್‌ಗಳ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸಿ, ಯಾವ ಬಣ್ಣದ್ದು ರಾತ್ರಿಯೂ ಕೆಲಸ ಮಾಡುತ್ತದೆ ಎಂದು ಹೌಸ್‌ಕೀಪಿಂಗ್‌ನವರಿಗೂ ಹೇಳಿಡಿ. ಅಮೆರಿಕದ ವೇಳೆಗೆ ಕೆಲಸ ಮಾಡುವ ತಂಡ ಇರುವ ಮಹಡಿಯನ್ನು ಪಟ್ಟಿಯಿಂದಲೇ ಕೈಬಿಡಿ.

ಇನ್ನೊಂದು, ಕಂಪ್ಯೂಟರ್. ಎಷ್ಟೋ ಕಡೆ ಮೇಜಿಗೆ ಒಂದೇ ಕೇಬಲ್; ಗೋಡೆಯಿಂದ ಫೋನಿಗೆ, ಫೋನಿನ ಹಿಂದಿನ ಪಿಸಿ ಪೋರ್ಟಿನಿಂದ ಕಂಪ್ಯೂಟರಿಗೆ. ಫೋನಿಗೆ ಕರೆಂಟ್ ಹೋದರೆ ಅದರೊಳಗಿನ ಪುಟ್ಟ ಸ್ವಿಚ್ ಸಾಯುತ್ತದೆ, ಕಂಪ್ಯೂಟರಿನ ನೆಟ್‌ವರ್ಕ್ ಕೂಡ. ರಾತ್ರಿ ಬ್ಯಾಕಪ್, ವಿಂಡೋಸ್ ಪ್ಯಾಚ್, ವೇಕ್ ಆನ್ ಲ್ಯಾನ್ (ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದಲೇ ಎಬ್ಬಿಸುವುದು), ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಎಲ್ಲ ನಿಲ್ಲುತ್ತವೆ. ಅಂಥ ಮೇಜುಗಳಿಗೆ ಬೇರೆ ಕೇಬಲ್ ಎಳೆಯಿರಿ, ಇಲ್ಲವೇ ಪ್ಯಾಚ್ ಕೆಲಸವನ್ನು ಹಗಲಿಗೆ ತನ್ನಿ. ಎರಡೂ ಆಗದಿದ್ದರೆ ಅಲ್ಲಿ ಪರದೆ ಆರಿಸುವಷ್ಟಕ್ಕೆ ತೃಪ್ತಿಪಡಬೇಕು.

ಈಗ ಕತ್ತರಿಸುವ ಬಗೆ. ಪೋರ್ಟನ್ನು ‘ಶಟ್‌ಡೌನ್’ ಮಾಡಬೇಡಿ. ಸಿಸ್ಕೋ ಸ್ವಿಚ್ಚಿನಲ್ಲಿ ‘ಪವರ್ ಇನ್‌ಲೈನ್ ನೆವರ್’ ಕೊಡಿ, ಬೆಳಗ್ಗೆ ‘ಪವರ್ ಇನ್‌ಲೈನ್ ಆಟೋ’. ಆಗ ಕರೆಂಟ್ ಮಾತ್ರ ಹೋಗುತ್ತದೆ, ಪೋರ್ಟ್ ಜೀವಂತ ಇರುತ್ತದೆ. ಟಿಪಿ-ಲಿಂಕ್‌ನಂಥ ಕೆಲವು ಬ್ರ್ಯಾಂಡ್‌ಗಳ ಪಿಓಇ ಸ್ವಿಚ್‌ಗಳಲ್ಲಿ ವೇಳಾಪಟ್ಟಿಯ ಸೌಲಭ್ಯ ವೆಬ್ ಪುಟದಲ್ಲೇ ಇದೆ. ಸಿಸ್ಕೋ ಫೋನ್‌ಗಳಿಗೆ ‘ಪವರ್ ಸೇವ್ ಪ್ಲಸ್’ ಇದೆ, ಸೊಗಸಾದದ್ದು: ಮಾತು ನಡೆಯುತ್ತಿದ್ದರೆ ಆರುವುದಿಲ್ಲ, ಬೇಕೆಂದರೆ 10 ನಿಮಿಷ ಮುಂಚಿನಿಂದ ಸದ್ದು ಮಾಡಿ ಎಚ್ಚರಿಸುತ್ತದೆ. ಆದರೆ ಅದಕ್ಕೆ ಎನರ್ಜಿವೈಸ್ ಎಂಬ ಸಿಸ್ಕೋದ ವಿದ್ಯುತ್ ನಿರ್ವಹಣೆಯ ಸೌಲಭ್ಯ ಇರುವ ಸ್ವಿಚ್ಚೇ ಬೇಕು.

ಅದಿಲ್ಲದ ಕ್ಯಾಟಲಿಸ್ಟ್‌ನಲ್ಲಿ ಇಇಎಂ ಆಪ್ಲೆಟ್ (ಸ್ವಿಚ್ಚಿನೊಳಗೇ ಗೊತ್ತಾದ ವೇಳೆಗೆ ಓಡುವ ಪುಟ್ಟ ಸ್ಕ್ರಿಪ್ಟ್) ಬರೆಯಬೇಕು. ಸಮಯದ ಸಾಲು 0 20 * * 1-5, ಅಂದರೆ ಸೋಮವಾರದಿಂದ ಶುಕ್ರವಾರ ರಾತ್ರಿ 8. ಇಲ್ಲಿ ಎಡವುವ ಜಾಗಗಳು ಮೂರು. ಒಂದು, ಆಪ್ಲೆಟ್‌ಗೆ ಸಿಗುವ ಕಾಲ ಡೀಫಾಲ್ಟ್ ಆಗಿ 20 ಸೆಕೆಂಡ್ ಅಷ್ಟೇ. 48 ಪೋರ್ಟುಗಳ ನಡುವೆ ಸಮಯ ಮುಗಿದರೆ ಅರ್ಧ ಮಹಡಿ ಆರಿ ಅರ್ಧ ಉಳಿಯುತ್ತದೆ. ‘ಮ್ಯಾಕ್ಸ್‌ರನ್’ 120 ಕೊಡಿ. ಎರಡು, ಪ್ರತಿ ಕಮಾಂಡಿಗೂ ಸರ್ವರಿನ ಅನುಮತಿ ಕೇಳುವ ವ್ಯವಸ್ಥೆ ಇದ್ದರೆ ಆಪ್ಲೆಟ್ ಸದ್ದಿಲ್ಲದೆ ಸೋಲುತ್ತದೆ. ಅದಕ್ಕೊಂದು ಯೂಸರ್ ಹೆಸರು ಕಟ್ಟಿ. ಮೂರು, ಗಡಿಯಾರ. ಟೈಮ್‌ಜೋನ್ 5 30 ಹಾಕದೆ ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ಪಡೆಯುವ ವ್ಯವಸ್ಥೆ) ಮಾತ್ರ ಕೊಟ್ಟರೆ ಸ್ವಿಚ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಸಮಯದಲ್ಲಿ ಓಡುತ್ತದೆ. ಆಗ ರಾತ್ರಿ 8ಕ್ಕೆ ಆರಬೇಕಾದದ್ದು 1.30ಕ್ಕೆ ಆರುತ್ತದೆ, ಬೆಳಗ್ಗೆ 7ಕ್ಕೆ ಹೊತ್ತಬೇಕಾದದ್ದು ಮಧ್ಯಾಹ್ನ 12.30ಕ್ಕೆ. ಎನ್‌ಟಿಪಿಯೂ ಸಿಗದೆ, ಬ್ಯಾಟರಿ ಇಲ್ಲದ ಹಳೇ ಸ್ವಿಚ್ ರೀಬೂಟ್ ಆದರೆ ಅದರ ಲೆಕ್ಕದಲ್ಲಿ ಅವತ್ತು 1993ರ ಮಾರ್ಚ್ 1.

ರಜೆಗಳ ಗೋಜಲು ಬೇರೆ. ಬ್ಯಾಂಕುಗಳಂತೆ ಎರಡನೇ, ನಾಲ್ಕನೇ ಶನಿವಾರ ರಜೆ ಇದ್ದರೆ ಲಿನಕ್ಸಿನ ಕ್ರಾನ್ (ಗೊತ್ತಾದ ವೇಳೆಗೆ ಕೆಲಸ ಓಡಿಸುವ ಪ್ರೋಗ್ರಾಂ) ಸಾಲಿನಲ್ಲಿ 8-14 ತಾರೀಕು ಮತ್ತು ಶನಿವಾರ ಎರಡನ್ನೂ ಬರೆದುಬಿಡುತ್ತಾರೆ. ಕ್ರಾನ್ ಅದನ್ನು ‘ಇದು ಅಥವಾ ಅದು’ ಎಂದು ಓದುತ್ತದೆ: 8ರಿಂದ 14ರವರೆಗೆ ಪ್ರತಿದಿನವೂ ಓಡುತ್ತದೆ, ತಿಂಗಳ ಎಲ್ಲ ಶನಿವಾರವೂ ಓಡುತ್ತದೆ. ತಾರೀಕನ್ನು ಮಾತ್ರ ಕ್ರಾನ್‌ನಲ್ಲಿಟ್ಟು ಶನಿವಾರವೇ ಎಂಬುದನ್ನು ಸ್ಕ್ರಿಪ್ಟಿನೊಳಗೆ ಪರೀಕ್ಷಿಸಬೇಕು. ದಸರಾ, ದೀಪಾವಳಿ, ರಾಜ್ಯೋತ್ಸವ ಇವೆಲ್ಲ ಒಂದು ಸಾದಾ ಫೈಲಿನಲ್ಲಿರಲಿ.

ಈ ಕಾರಣಕ್ಕೇ ಆರಿಸುವ ಕೆಲಸವನ್ನು ಒಂದು ಲಿನಕ್ಸ್ ಸರ್ವರಿನಿಂದ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳನ್ನು ದೂರದಿಂದ ನಿಯಂತ್ರಿಸುವ ಪದ್ಧತಿ) ಮೂಲಕ ಮಾಡಿಸುವುದು ಒಳ್ಳೆಯದು. 1.3.6.1.2.1.105.1.1.1.3 ಎಂಬುದು ಪಿಓಇ ಆನ್-ಆಫ್ ಕೋಷ್ಟಕ. 1 ಬರೆದರೆ ಆನ್, 2 ಬರೆದರೆ ಆಫ್. ಕೊನೆಗೆ ಗುಂಪಿನ ಸಂಖ್ಯೆ, ಪೋರ್ಟ್ ಸಂಖ್ಯೆ ಸೇರಿಸಬೇಕು. ಇದು ಸ್ವಿಚ್ ತನ್ನ ಪೋರ್ಟುಗಳಿಗೆ ಕೊಡುವ ಇನ್ನೊಂದು ಸಂಖ್ಯೆಯಾದ ಇಂಟರ್‌ಫೇಸ್ ಇಂಡೆಕ್ಸ್ ಅಲ್ಲ. ಅದನ್ನು ಹಾಕಿದರೆ ಬೇರೆಯವರ ಪೋರ್ಟ್ ಆರೀತು. ಎಸ್‌ಎನ್‌ಎಂಪಿ 3ನೇ ಆವೃತ್ತಿಯನ್ನೇ ಬಳಸಿ, ಬರೆಯುವ ಅನುಮತಿ ಈ ಕೋಷ್ಟಕಕ್ಕೆ ಮಾತ್ರ ಕೊಡಿ.

ಹಚ್ಚುವ ಕೆಲಸಕ್ಕೆ ಮಾತ್ರ ಹೊರಗಿನ ಸರ್ವರನ್ನೊಂದನ್ನೇ ನೆಚ್ಚಿಕೊಳ್ಳಬೇಡಿ. ರಾತ್ರಿ ಆ ಸರ್ವರ್ ಬಿದ್ದರೆ ಬೆಳಗ್ಗೆ 150 ಫೋನ್ ಸತ್ತಿರುತ್ತವೆ. ಬೆಳಗ್ಗೆ 7.30ಕ್ಕೆ ಎಲ್ಲ ಪೋರ್ಟುಗಳನ್ನೂ ‘ಆಟೋ’ ಮಾಡುವ ಆಪ್ಲೆಟ್ ಪ್ರತಿ ಸ್ವಿಚ್ಚಿನೊಳಗೇ ಇರಲಿ, ಸೋಮವಾರದಿಂದ ಶುಕ್ರವಾರದ ನಡುವೆ ಬರುವ ರಜಾದಿನವೂ ಓಡಲಿ. ಒಂದು ರಜೆಯ ಉಳಿತಾಯ ಹೋದರೆ ಹೋಯಿತು. ಫೋನ್ ಆರಿರುವಾಗ ಕಾನ್ಫಿಗರೇಶನ್ ಸೇವ್ ಆಗದಂತೆಯೂ ನೋಡಿಕೊಳ್ಳಿ. ರಾತ್ರಿ 11ಕ್ಕೆ ಸೇವ್ ಮಾಡುವ ಬೇರೆ ಯಾವುದೋ ಸ್ಕ್ರಿಪ್ಟ್ ಇದ್ದು, ಆಮೇಲೆ ಸ್ವಿಚ್ ರೀಬೂಟ್ ಆದರೆ ಸೇವ್ ಆದ ‘ನೆವರ್’ ಎಂಬುದೇ ಮತ್ತೆ ಬಂದು ಕೂರುತ್ತದೆ.

ಎಲ್ಲಕ್ಕಿಂತ ಹೆಚ್ಚು ದೂರು ಬರುವುದು ಕರೆ ಮಾಡಿದವರಿಂದ. ಫೋನ್ ದಿಢೀರೆಂದು ಸತ್ತಾಗ ತಾನು ಹೋಗುತ್ತಿದ್ದೇನೆ ಎಂದು ಕರೆ ನಿರ್ವಹಿಸುವ ಸರ್ವರಿಗೆ ಹೇಳಿ ಹೋಗುವುದಿಲ್ಲ. ರಿಜಿಸ್ಟ್ರೇಶನ್ (ತಾನಿದ್ದೇನೆ ಎಂದು ಫೋನ್ ಸರ್ವರಿನಲ್ಲಿ ನೋಂದಾಯಿಸುವುದು) ಅವಧಿ 3600 ಸೆಕೆಂಡ್ ಇದ್ದರೆ ಹೆಚ್ಚುಕಡಿಮೆ ಒಂದು ಗಂಟೆ ಕಾಲ ಫೋನ್ ಇದೆಯೆಂದೇ ಸರ್ವರ್ ನಂಬಿರುತ್ತದೆ. ಅಷ್ಟರಲ್ಲಿ ಕರೆ ಬಂದರೆ ಕರೆ ಜೋಡಿಸುವ ಸಿಪ್ ಸಂದೇಶವನ್ನು, ತಲುಪಿತೇ ಎಂದು ತಾನಾಗಿ ಖಾತ್ರಿ ಮಾಡದ ಯುಡಿಪಿಯಲ್ಲಿ ಅರ್ಧ ಸೆಕೆಂಡ್, ಒಂದು, ಎರಡು, ನಾಲ್ಕು ಎಂದು ಮತ್ತೆ ಮತ್ತೆ ಕಳಿಸಿ 32 ಸೆಕೆಂಡಿಗೆ ಕೈಬಿಡುತ್ತದೆ. ಅಷ್ಟು ಹೊತ್ತೂ ಆ ಕಡೆಯವರಿಗೆ ಕೇಳುವುದು ಮೌನ. ಆಸ್ಟರಿಸ್ಕ್ ಎಂಬ ಫೋನ್ ಸರ್ವರ್ ಸಾಫ್ಟ್‌ವೇರಿನಲ್ಲಿ ‘ಕ್ವಾಲಿಫೈ ಫ್ರೀಕ್ವೆನ್ಸಿ’ (ಫೋನ್ ಇದೆಯೇ ಎಂದು ವಿಚಾರಿಸುವ ಅಂತರ) 60 ಸೆಕೆಂಡಿಗೆ ಇಟ್ಟರೆ ಸತ್ತ ಫೋನ್ ಒಂದೆರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಇನ್ನೊಂದು ತೊಡಕು: ಡಯಲ್‌ಪ್ಲಾನ್‌ನಲ್ಲಿ (ಕರೆ ಎಲ್ಲಿಗೆ ಹೋಗಬೇಕೆಂಬ ನಿಯಮಗಳು) ‘ನೋಆನ್ಸರ್’ ಬಂದಾಗ ಮಾತ್ರ ವಾಯ್ಸ್‌ಮೇಲ್‌ಗೆ ಕಳಿಸುವಂತೆ ಬರೆದಿರುತ್ತಾರೆ, ರಿಜಿಸ್ಟರ್ ಆಗದ ಫೋನಿಗೆ ಬರುವುದು ‘ಚಾನ್‌ಅನ್‌ಅವೇಲ್’ (ಫೋನೇ ಸಿಗುತ್ತಿಲ್ಲ). ಅದಕ್ಕೂ ಒಂದು ಸಾಲು ಸೇರಿಸಿ. ಕಾಲ್ ಮ್ಯಾನೇಜರ್‌ನಲ್ಲಾದರೆ ‘ಫಾರ್ವರ್ಡ್ ಅನ್‌ರಿಜಿಸ್ಟರ್ಡ್’ ಒಳಗಿನ ಮತ್ತು ಹೊರಗಿನ ಕರೆ ಎರಡಕ್ಕೂ ತುಂಬಿ.

ಫೋನಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಬದಲಿಸುವ ರಾತ್ರಿ ಈ ವೇಳಾಪಟ್ಟಿಯನ್ನು ನಿಲ್ಲಿಸಿಬಿಡಿ. ಫ್ಲ್ಯಾಶ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಫೋನ್ ಮತ್ತೆ ಏಳದಿರಬಹುದು. ನೆಟ್‌ವರ್ಕ್ ಮಾನಿಟರಿಂಗ್‌ನವರಿಗೂ ಮೊದಲೇ ತಿಳಿಸಿ. ಇಲ್ಲದಿದ್ದರೆ ಮೊದಲ ದಿನ ರಾತ್ರಿ 8ಕ್ಕೆ ಅವರಿಗೆ 150 ಅಲಾರಂ.

ಬೆಳಗ್ಗೆ ಒಂದೇ ಸಲಕ್ಕೆ ಎಲ್ಲವನ್ನೂ ಎಬ್ಬಿಸಬೇಡಿ. ಎಲ್ಲ ಫೋನ್ ಒಟ್ಟಿಗೆ ಡಿಎಚ್‌ಸಿಪಿ (ವಿಳಾಸ ಪಡೆಯುವುದು), ಟಿಎಫ್‌ಟಿಪಿ (ಸೆಟ್ಟಿಂಗ್ ಫೈಲ್ ತರಿಸುವುದು), ರಿಜಿಸ್ಟ್ರೇಶನ್ ಎಂದು ಮುಗಿಬಿದ್ದರೆ ಕೆಲವು ಸೋತು ಮತ್ತೆ ಮೊದಲಿನಿಂದ ಶುರುಮಾಡುತ್ತವೆ. ಮಹಡಿಗೆ ಐದು ನಿಮಿಷದ ಅಂತರ ಕೊಡಿ. 802.1ಎಕ್ಸ್ (ಸಿಕ್ಕಿಸಿದ ಸಾಧನದ ಗುರುತು ಕೇಳುವ ವ್ಯವಸ್ಥೆ) ಇದ್ದು ಫೋನ್ ಅದಕ್ಕೆ ಉತ್ತರಿಸದಿದ್ದರೆ ಸಿಸ್ಕೋ ಸ್ವಿಚ್ ಮ್ಯಾಕ್ ವಿಳಾಸದ (ಸಾಧನದ ಯಂತ್ರಸಂಖ್ಯೆ) ಪರೀಕ್ಷೆಗೆ ಇಳಿಯುವ ಮುನ್ನ ಡೀಫಾಲ್ಟ್ ಆಗಿ 90 ಸೆಕೆಂಡ್ ಕಾಯುತ್ತದೆ, ಬೂಟ್ ಆಗುವ ಸಮಯ ಬೇರೆ. 7ಕ್ಕೆ ಶುರುಮಾಡಿದರೆ 7.45ಕ್ಕೆ ಸರ್ವರಿನಲ್ಲಿ ರಿಜಿಸ್ಟರ್ ಆದ ಫೋನ್‌ಗಳನ್ನು ಎಣಿಸುವ ಸ್ಕ್ರಿಪ್ಟ್ ಓಡಲಿ. ಹಿಂದಿನ ಸಂಜೆಯ ಸಂಖ್ಯೆಗಿಂತ ಕಡಿಮೆ ಇದ್ದರೆ ಬಾರದ ಫೋನ್‌ಗಳ ಪೋರ್ಟನ್ನು ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ, ಆಗಲೂ ಬಾರದವುಗಳ ಪಟ್ಟಿಯನ್ನು ಎಂಟು ಗಂಟೆಗೆ ಮುಂಚೆ ಹೆಲ್ಪ್‌ಡೆಸ್ಕ್‌ಗೆ ಮೇಲ್ ಮಾಡಲಿ.