ಮಳೆಗಾಲ ಮತ್ತು ತಿಕ್ಕಲು ಕವರುಗಳು

ಬೆಳಗಾವಿ, 14 ಜುಲೈ 2024, ರವಿವಾರ

ಮಳೆ ಬಿಟ್ಟಿಲ್ಲ. ಗೋಡೆಗೆ ತಾಗಿದ ಕಪಾಟಿನ ಬೆನ್ನಿಗೆ ಕೈ ಇಟ್ಟರೆ ತಣ್ಣಗೆ ಅಂಟುತ್ತದೆ. ವಿಜಯಪುರದಲ್ಲಿ ಗ್ರಾಮಫೋನ್ ರೆಕಾರ್ಡು ಇಟ್ಟುಕೊಂಡವರಿಗೆ ಬಿಸಿಲಿಗೆ ತಟ್ಟೆ ಸೊಟ್ಟಗಾಗುವ ಚಿಂತೆ, ಇಲ್ಲಿ ಕವರಿಗೆ ಬೂಷ್ಟು ಹಿಡಿಯುವ ಚಿಂತೆ. ಸಾದಾ ಕವರುಗಳಿಗೆ ಉಪಾಯ ಸರಳ: ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ, ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲು ಮುಚ್ಚುವ ಖಾನೆಯಾದರೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಾಗಿಲಿಲ್ಲದ ಕಪಾಟಿನಲ್ಲಿ ಇಟ್ಟರೆ ಆ ಪೊಟ್ಟಣ ಊರ ಮಳೆಯನ್ನೆಲ್ಲ ಕುಡಿಯಲು ಹೊರಟಂತೆ. ಎರಡೇ ದಿನದಲ್ಲಿ ಅದರ ಕೆಲಸ ಮುಗಿಯಿತು.

ಚಿತ್ರವಷ್ಟೇ ವಿಚಿತ್ರವಾಗಿದ್ದರೆ ತೊಂದರೆಯಿಲ್ಲ. ಇಂಗ್ಲಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1970ರ 'ಆಟಮ್ ಹಾರ್ಟ್ ಮದರ್' ಮುಖದ ಮೇಲೆ ಹೆಸರಿಲ್ಲ, ಊರಿಲ್ಲ, ತಿರುಗಿ ನೋಡುವ ಒಂದು ಹಸು ಅಷ್ಟೇ. ಆ ಹಸು ಪಕ್ಕದ ರೆಕಾರ್ಡನ್ನು ಹಾಯುವುದಿಲ್ಲ. ಚೈನು (ಜಿಪ್), ಅಂಟು, ತಗಡು ಹಚ್ಚಿದ ಕವರುಗಳದೇ ಉಪದ್ವ್ಯಾಪ.

ರೋಲಿಂಗ್ ಸ್ಟೋನ್ಸ್‌ನ 1971ರ 'ಸ್ಟಿಕಿ ಫಿಂಗರ್ಸ್' ನೋಡಿ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್‌ರ ಕಲ್ಪನೆ: ಜೀನ್ಸ್ ಪ್ಯಾಂಟಿನ ಫೋಟೋ, ಅದಕ್ಕೆ ನಿಜವಾದ ಲೋಹದ ಚೈನು. ಪೇರಿಸಿ ಸಾಗಿಸುವಾಗ ಚೈನಿನ ಹಿಡಿ ಮೇಲಿನ ರೆಕಾರ್ಡಿಗೆ ಒತ್ತಿ ಹಾಡಿನ ಗೆರೆಗಳೇ ಹಾಳಾದವು. ಆಮೇಲೆ ಚೈನನ್ನು ಅರ್ಧಕ್ಕೆ ಇಳಿಸಿ ಕಳಿಸತೊಡಗಿದರು. ಆಗ ಹಿಡಿ ಕೂರುವುದು ನಟ್ಟನಡುವೆ, 10 ಸೆಂ.ಮೀ. ಅಗಲದ ಲೇಬಲ್ ಮೇಲೆ. ಅಲ್ಲಿ ಗೆರೆಯಿಲ್ಲ, ಒತ್ತಿದರೂ ಕೇಡಿಲ್ಲ. ಇವತ್ತಿಗೂ ಇದೇ ಕ್ರಮ: ಹಿಡಿ ಅರ್ಧಕ್ಕೆ. ಜೊತೆಗೆ ಬೈಂಡಿಂಗ್ ಅಂಗಡಿಯ 2 ಮಿ.ಮೀ. ರಟ್ಟನ್ನು 31 ಸೆಂ.ಮೀ. ಚೌಕಕ್ಕೆ ಕತ್ತರಿಸಿ ಚೈನಿನ ಮುಂದೆ ನಿಲ್ಲಿಸಬೇಕು. ತಟ್ಟೆಯನ್ನು ಬೇರೆ ಬಿಳಿ ಕವರಿನಲ್ಲಿ ಇಟ್ಟರೆ ಇನ್ನೂ ಕ್ಷೇಮ. ಚೈನು ಬಿಗಿಯಾಯಿತೆಂದು ಎಣ್ಣೆ ಬಿಡಬೇಡಿ, ಅದು ಕಾಗದಕ್ಕೆ ಇಳಿದು ಕಲೆಯಾಗುತ್ತದೆ. ಹಲ್ಲುಗಳ ಮೇಲೆ ಮೇಣದಬತ್ತಿ ಉಜ್ಜಿದರೆ ಸಾಕು.

ಇನ್ನು ಸುಲಿಯುವ ಕವರುಗಳು. ವೆಲ್ವೆಟ್ ಅಂಡರ್‌ಗ್ರೌಂಡ್‌ನ 1967ರ ಮೊದಲ ರೆಕಾರ್ಡಿನ ಮೇಲಿನ ಬಾಳೆಹಣ್ಣೂ ವಾರ್ಹಾಲ್‌ರದೇ. ಸಿಪ್ಪೆಯೇ ಸ್ಟಿಕ್ಕರು, ಪಕ್ಕದಲ್ಲಿ 'ಮೆಲ್ಲಗೆ ಸುಲಿದು ನೋಡಿ' ಎಂಬ ಆಹ್ವಾನ, ಸುಲಿದರೆ ಗುಲಾಬಿ ಬಣ್ಣದ ತಿರುಳು. ತೇವಕ್ಕೆ ಸ್ಟಿಕ್ಕರಿನ ಅಂಚು ಏಳುತ್ತದೆ. ಹೊಸ ಅಂಟು ಸವರಿದರೆ ಮುಂದೆ ಅಂಚಿನುದ್ದಕ್ಕೂ ಹಳದಿ ಗೆರೆ ಬೀಳುವ ಭಯ. ಬಟರ್ ಪೇಪರ್ ಹಾಸಿ, ಮೇಲೆ ದಪ್ಪ ಪುಸ್ತಕ ಹೇರಿ, ಎರಡು ದಿನ ಮುಟ್ಟದೆ ಬಿಡಿ.

ಸುಲಿಯಬಾರದ ಕವರು ಇನ್ನೊಂದಿದೆ: ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ 1966ರಲ್ಲಿ ತಂದ ಬೀಟಲ್ಸ್‌ನ 'ಯೆಸ್ಟರ್‌ಡೇ ಆ್ಯಂಡ್ ಟುಡೇ'. ಮೊದಲ ಚಿತ್ರದಲ್ಲಿ ನಾಲ್ವರೂ ಕಸಾಯಿಗಳ ಬಿಳಿ ಅಂಗಿ ತೊಟ್ಟು ಮಾಂಸದ ತುಂಡು, ಗೊಂಬೆಯ ರುಂಡಗಳ ನಡುವೆ ಕೂತಿದ್ದರು. ಗಲಾಟೆಯಾಗಿ ಕಂಪನಿ ಕವರುಗಳನ್ನು ವಾಪಸು ತರಿಸಿತು, ಬಹಳಷ್ಟರ ಮೇಲೆ ಪೆಟ್ಟಿಗೆಯ ಸುತ್ತ ನಾಲ್ವರೂ ಸೇರಿದ ಬೇರೆ ಫೋಟೋ ಅಂಟಿಸಿತು. ಗುರುತು ಹಿಡಿಯಲು ಬಲಬದಿಯ ಬಿಳಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ರಿಂಗೋ ಸ್ಟಾರ್‌ನ ಕಪ್ಪು ಒಳಂಗಿ ಇಂಗ್ಲಿಷಿನ ವಿ ಅಕ್ಷರದಂತೆ ಮಸುಕಾಗಿ ಕಂಡರೆ ಅಡಿಯಲ್ಲಿ ಕಸಾಯಿ ಚಿತ್ರವಿದೆ. ಉಗಿ ಹಿಡಿದು ಬಿಡಿಸುವ ಆಸೆ ಬೇಡ: ಅಂಟು ದಪ್ಪಗಿರುವ ಕಡೆ ಕೆಳಗಿನ ಚಿತ್ರದ ಚರ್ಮವೂ ಕಿತ್ತು ಬರುತ್ತದೆ. ಅಡ್ಡಾದಿಡ್ಡಿ ಸುಲಿದದ್ದಕ್ಕಿಂತ ಹಾಗೇ ಬಿಟ್ಟದ್ದಕ್ಕೇ ಬೆಲೆ.

(ನಮ್ಮ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯವರ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿಗೆ ಈ ರಗಳೆಯೇ ಇರಲಿಲ್ಲ. ಕಂದು ಕಾಗದದ ಚೀಲ, ಲೇಬಲ್ ಓದಲು ನಡುವೆ ದುಂಡನೆ ತೂತು.)

ಲೆಡ್ ಝೆಪೆಲಿನ್‌ನ 1979ರ 'ಇನ್ ಥ್ರೂ ದಿ ಔಟ್ ಡೋರ್' ಬೆಳಗಾವಿಗೆ ಹೇಳಿಸಿದ್ದಲ್ಲ. ಆರು ಬಗೆಯ ಕವರು. ಯಾವುದು ಸಿಕ್ಕಿತೆಂದು ಗೊತ್ತಾಗದಂತೆ ಮೇಲೆ ಕಿರಾಣಿ ಅಂಗಡಿಯಂಥ ಕಂದು ಚೀಲ. ಕಪ್ಪು-ಬಿಳುಪಿನ ಒಳಚೀಲಕ್ಕೆ ನೀರು ತಾಗಿದರೆ ಬಣ್ಣ ಏಳುತ್ತದೆ, ಎದ್ದ ಬಣ್ಣ ಮತ್ತೆ ಹೋಗುವುದಿಲ್ಲ. ಜುಲೈಯಲ್ಲಿ ಕೈ ಒರೆಸಿಕೊಂಡೇ ಮುಟ್ಟಿ. ಅದೇ ವರ್ಷದ ಪಬ್ಲಿಕ್ ಇಮೇಜ್ ಲಿಮಿಟೆಡ್‌ನ 'ಮೆಟಲ್ ಬಾಕ್ಸ್' ಸಿನಿಮಾ ರೀಲಿನ ತಗಡಿನ ಡಬ್ಬಿ. ಒಳಗೆ 12 ಇಂಚಿನ ಮೂರು ತಟ್ಟೆ, ನಡುನಡುವೆ ದುಂಡು ಕಾಗದ. ಉಗುರು ತೂರಿಸಿ ಎತ್ತಿದರೆ ಗೀರು ಖಚಿತ. ಡಬ್ಬಿಯನ್ನು ಮಗುಚಿ, ಅಂಗೈ ಒಡ್ಡಿ, ಮೆಲ್ಲಗೆ ಇಳಿಸಿಕೊಳ್ಳಿ. ತಟ್ಟೆಗಳನ್ನು ಬೇರೆ ಕವರಿಗೆ ಹಾಕಿ ಡಬ್ಬಿಯನ್ನು ಖಾಲಿ ಇಡುವುದೇ ವಾಸಿ.

ಎಲ್ಲಕ್ಕಿಂತ ಹಟಮಾರಿ ಕವರು ಡುರುಟ್ಟಿ ಕಾಲಂನ 1980ರ ಮೊದಲ ರೆಕಾರ್ಡಿನದು. ಬಡಿಗರು ಕಟ್ಟಿಗೆ ಉಜ್ಜುವ ಪಾಲಿಶ್ ಪೇಪರೇ ಅದರ ಕವರು. ಹೊರಗೆಳೆದಾಗಲೆಲ್ಲ ಪಕ್ಕದವರನ್ನು ತೇಯಲಿ ಎಂದೇ ಮಾಡಿದ್ದು. ಎರಡೂ ಬದಿಗೆ ರಟ್ಟು ಇಟ್ಟರೆ ಸಾಲದು: ಉದುರಿದ ಉಸುಕು ಖಾನೆಯ ತಳಕ್ಕೆ ಬಿದ್ದು ಬೇರೆ ಒಳಚೀಲಗಳನ್ನು ಸೇರುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಮೇಲೆ ಮಾಡಿ, ಸಾಲಿನ ತುದಿಗೆ ನಿಲ್ಲಿಸಿ. ತಗಡಿಗೇನಾಗುತ್ತದೆ ಎಂದು ಪಕ್ಕದಲ್ಲಿ ಆ ಡಬ್ಬಿಯನ್ನು ಇಟ್ಟೀರಿ! ಗೀರು ಬಿದ್ದ ತಗಡಿಗೆ ಈ ಊರಲ್ಲಿ ತುಕ್ಕು ಬೇಗ.