ಎರಡು ಭಾಷೆ ಆಡಿದ್ದರಿಂದಲೇ ಮಗನ ಮಾತು ತಡವಾಯಿತೇ?

ನಾನು ಮಂಡ್ಯದವನು, ನನ್ನ ಹೆಂಡತಿ ಪುತ್ತೂರಿನವಳು. ಮಗನೊಡನೆ ನಾನು ಕನ್ನಡ ಆಡುತ್ತೇನೆ, ಅವಳು ತುಳು ಆಡುತ್ತಾಳೆ. ಎರಡು ವರ್ಷ ತುಂಬಿದ ಮೇಲೂ ಅವನು ಹೆಚ್ಚು ಮಾತಾಡದೆ ಇದ್ದುದನ್ನು ಬಲ್ಲವರು ಇಂದಿಗೂ ಕೇಳುವುದು ಒಂದೇ ಪ್ರಶ್ನೆ: ಎಳೆಯ ತಲೆಗೆ ಎರಡೆರಡು ಭಾಷೆ ತುಂಬಿದ್ದರಿಂದ ತಾನೇ ಹೀಗಾದದ್ದು? ಅಲ್ಲ ಎಂಬುದೇ ನನ್ನ ಉತ್ತರ. ಮಾತು ತಡವಾದದ್ದು ನಿಜ, ಆದರೆ ಆ ತಪ್ಪನ್ನು ಯಾವ ಭಾಷೆಯ ಮೇಲೂ ಹೊರಿಸುವಂತಿಲ್ಲ.

ಹದಿನಾಲ್ಕನೆಯ ತಿಂಗಳಲ್ಲಿ ಅವನು ಸ್ಪಷ್ಟವಾಗಿ "ಅಪ್ಪೆ" ಎಂದ. ನಾನು ಹಿಗ್ಗಿ ಕಚೇರಿಗೆ ಮೈಸೂರುಪಾಕು ಹಂಚಿ ಬಂದೆ. ಆ ಸಂಜೆಯಿಡೀ ನನ್ನ ಸಂಭ್ರಮವನ್ನು ಸುಮ್ಮನೆ ನೋಡಿದ ಹೆಂಡತಿ, ಊಟ ಬಡಿಸುವಾಗ, ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ತಂದೆಗೆ ಅಮ್ಮೆ ಎನ್ನುತ್ತಾರೆ ಎಂದಳು. ಪುತ್ತೂರಿನ ಅಜ್ಜಿ ಬಂದಿದ್ದಾಗ ಮಗು ಕಲಿತ ಪದವದು. ಮೈಸೂರುಪಾಕು ವಾಪಸು ಕೇಳುವಂತಿರಲಿಲ್ಲ.

ಅದಾದ ಮೇಲೆ ಪದಗಳು ಬಹಳ ನಿಧಾನವಾಗಿ ಬಂದವು. ನನ್ನ ತಾಯಿ ಬಜೆ ತೇಯ್ದು ನಾಲಿಗೆಗೆ ಸವರಿದರು. ನಮ್ಮ ಚಿಕ್ಕಪ್ಪ ಬಾಯಿ ಬಿಟ್ಟದ್ದೇ ನಾಲ್ಕನೆಯ ವರ್ಷಕ್ಕೆ, ಈಗ ನೋಡು ವಕೀಲ ಎಂದು ಧೈರ್ಯವನ್ನೂ ಹೇಳಿದರು. ನಾವು ತೋರಿಸುತ್ತಿದ್ದ ಮಕ್ಕಳ ವೈದ್ಯರೊಬ್ಬರು ಮಾತ್ರ, ಒಂದು ಭಾಷೆಯನ್ನು ಬಿಟ್ಟುಬಿಡಿ, ಮಗುವಿಗೆ ಗೊಂದಲವಾಗುತ್ತಿದೆ ಎಂದರು. ಬಿಡಬೇಕಾದದ್ದು ಯಾವುದೆಂಬ ಚರ್ಚೆಯೇ ಆಗಲಿಲ್ಲ, ಇರುವ ಊರು ಮಂಡ್ಯವಾದ್ದರಿಂದ ತುಳುವೇ ಹೋಯಿತು. ಮುಂದಿನ ಮೂರು ತಿಂಗಳು ನಾನು ಕಂಡದ್ದನ್ನು ಮರೆಯಲಾರೆ. ಸ್ನಾನ ಮಾಡಿಸುವಾಗ ನೀರಿನ ಬಿಸಿಯಿಂದ ಹಿಡಿದು ಕಿಟಕಿಯಾಚೆಯ ಕಾಗೆಯವರೆಗೆ ಎಲ್ಲವನ್ನೂ ಮಗುವಿಗೆ ವರದಿ ಮಾಡುತ್ತಿದ್ದ ನನ್ನ ಹೆಂಡತಿ, ಕನ್ನಡದಲ್ಲಿ "ಕೈ ಎತ್ತು", "ತಿರುಗು" ಎಂಬಷ್ಟಕ್ಕೆ ನಿಂತಳು. ಅವಳಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಮುದ್ದು ಮಾಡುವ ಕನ್ನಡ ಅವಳಿಗೆ ರೂಢಿಯಿರಲಿಲ್ಲ. ಭಾಷೆ ಒಂದಾಯಿತೇನೋ ಸರಿ, ಮಗುವಿನ ಕಿವಿಗೆ ಬೀಳುವ ಮಾತು ಅರ್ಧಕ್ಕಿಳಿಯಿತು.

ಕೊನೆಗೆ ನಾವು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ ಎಂಬುದನ್ನು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಬೆರಾ ಎಂಬ ಆ ಪರೀಕ್ಷೆಯಲ್ಲಿ ಹಣೆಗೂ ಕಿವಿಯ ಹಿಂದಕ್ಕೂ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೇಳಿಸಿ, ಮೆದುಳಿನವರೆಗಿನ ನರಗಳು ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಯಂತ್ರದಲ್ಲಿ ದಾಖಲಿಸುತ್ತಾರೆ. ಆಗ ಮಗು ನಿದ್ದೆಯಲ್ಲಿರಬೇಕು. ಅಲ್ಲಿ ನಿದ್ದೆ ಬರಬೇಕೆಂದರೆ ದಾರಿಯಲ್ಲಿ ಮಲಗಗೊಡಬಾರದು. ಬೆಳಗಿನ ರೈಲಿನಲ್ಲಿ ಪಾಂಡವಪುರ ದಾಟುವಾಗಲೇ ಅವನ ತಲೆ ತೂಗತೊಡಗಿತು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಕಾವೇರಿಯನ್ನು ತೋರಿಸಲೆಂದು ಅವನನ್ನು ಕಿಟಕಿಗೆ ಎತ್ತಿ ಹಿಡಿದೆ. ಆಗ ಅವನು ತೂಕಡಿಸುತ್ತಲೇ "ನೀರ್" ಎಂದ. ಕನ್ನಡದ ನೀರೋ ತುಳುವಿನ ನೀರೋ ಹೇಳುವುದು ಹೇಗೆ?

ಕಿವಿ ಎರಡೂ ಸರಿಯಿದ್ದವು. ನಂತರ ವಾಕ್ ತಜ್ಞೆ ಅವನು ಆಡುವ ಪದಗಳ ಪಟ್ಟಿ ಕೇಳಿದರು. ನಾನು ಹನ್ನೊಂದು ಎಂದೆ. ತುಳುವಿನವನ್ನು ಏಕೆ ಬಿಟ್ಟಿರಿ ಎಂದರು. "ಬೇಡ"ವೂ ಒಂದು ಪದ, "ಬೊಡ್ಚಿ"ಯೂ ಒಂದು ಪದ. ಹಸುವನ್ನು ಕಂಡಾಗಲೆಲ್ಲ "ಅಂಬಾ" ಎಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಎರಡು ಭಾಷೆಯ ಮಗುವಿನ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಅರ್ಧ ಸೇರಿನಲ್ಲಿ ಅಳೆದು ಕಡಿಮೆಯಾಯಿತು ಎಂದ ಹಾಗೆ. ಎಲ್ಲ ಕೂಡಿ 23 ಆದವು. ಎರಡು ವರ್ಷಕ್ಕೆ ಸುಮಾರು 50 ಪದಗಳು, ಜೊತೆಗೆ "ಅಮ್ಮ ಬಾ" ಎಂಬಂತೆ ಎರಡೆರಡು ಪದ ಜೋಡಿಸುವುದು, ಇದು ತಜ್ಞರು ವಾಡಿಕೆಯಾಗಿ ನೋಡುವ ಅಳತೆ. ಆದ್ದರಿಂದ ತಡವೆಂಬುದು ತಡವೇ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ, ನಾಳೆಯಿಂದಲೇ ತುಳು ಶುರುಮಾಡಿ ಎಂದು ಆಕೆ ಹೇಳಿದಾಗ, ನನ್ನ ಹೆಂಡತಿ ನಾಳೆಯವರೆಗೆ ಕಾಯಲಿಲ್ಲ.

ನನಗೆ ಸಿಕ್ಕ ಪಾಠ ಬೇರೆ. "ಇದೇನು? ಅದೇನು? ಹೇಳು, ಹೇಳು" ಎಂದು ಮಗುವನ್ನು ಪರೀಕ್ಷೆಗೆ ಕೂರಿಸುವುದನ್ನು ಬಿಟ್ಟು, ಅವನು ನೋಡುತ್ತಿರುವುದನ್ನು ನಾನೇ ಹೆಸರಿಸಿ, ಆಮೇಲೆ ಬಾಯಿ ಮುಚ್ಚಿಕೊಂಡು ಅವನ ಸರದಿಗೆ ಕಾಯಬೇಕಿತ್ತು. ಮೊದಲ ವಾರ ನನ್ನಿಂದ ಐದು ಸೆಕೆಂಡು ಸುಮ್ಮನಿರಲೂ ಆಗಲಿಲ್ಲ.

ಕಾದು ನೋಡಿ ಎನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಏಕೆಂದರೆ ತಡವಾಗಿ ಮಾತಾಡುವ ಬಹಳಷ್ಟು ಮಕ್ಕಳು ಮುಂದೆ ಸರಿಹೋಗುತ್ತಾರೆ. ಎಲ್ಲರೂ ಅಲ್ಲ. ಹೆಸರು ಕರೆದರೆ ತಿರುಗದ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದ, ಬಂದ ಪದಗಳನ್ನೇ ಕಳೆದುಕೊಳ್ಳುವ ಮಗುವಿದ್ದರೆ ಒಂದು ತಿಂಗಳೂ ಕಾಯಬೇಡಿ.

ಈಗ ಅವನಿಗೆ ನಾಲ್ಕು ವರ್ಷ. "ಕೊಟ್ಟೆ" ಎನ್ನುವ ಬದಲು "ಕೊಡಿದೆ" ಎನ್ನುತ್ತಾನೆ, ಮಂಡ್ಯದ ಅಜ್ಜಿ ತಿದ್ದುತ್ತಾರೆ, ನಾನು ತಿದ್ದುವುದಿಲ್ಲ. ಪುತ್ತೂರಿನ ಅಜ್ಜಿ ಫೋನಿನಲ್ಲಿ ಅಮ್ಮೆ ಎಲ್ಲಿ ಎಂದು ಕೇಳಿದರೆ, ಫೋನನ್ನು ಓಡಿ ತಂದು ನನ್ನ ಕೈಗೇ ಕೊಡುತ್ತಾನೆ.